ಹಗ್ಗ ಒಬ್ಬರಲ್ಲಿ, ಕೊಡ ಮತ್ತೊಬ್ಬರಲ್ಲಿ

ಕಥೆಯು ಮುಗಿದೊಡನೆ "ಇದಕ್ಕೂ ಮೊದಲು ಏನಾಗಿತ್ತು?" ಎಂದು ಕೇಳದ ಮಗುವಿಲ್ಲ. ಶ್ರೀರಾಮನಿಗೆ ಪಟ್ಟಾಭಿಷೇಕವಾದ ಮೇಲೆ ಅಗಸ್ತ್ಯಮಹರ್ಷಿಗಳು ಅಯೋಧ್ಯೆಗೆ ಬಂದು ರಾವಣನ ಪೂರ್ವವೃತ್ತಾಂತವನ್ನು ಹೇಳುವುದು ಉತ್ತರಕಾಂಡದಲ್ಲಿರುವುದಷ್ಟೆ. ಹಾಗೆ ಹೇಳುವುದಕ್ಕೆ ಅವರು ಯಾರ ಅಪ್ಪಣೆಯನ್ನೂ ಪಡೆಯಬೇಕಾಗಿರಲಿಲ್ಲ. ಈ ಕಾಲದಲ್ಲಾದರೋ ಪೂರ್ವಕಥೆಯನ್ನು ಹೇಳಬೇಕಾದರೆ ಮೊದಲು ನ್ಯಾಯವಾದಿಗಳು ಕೂಡಿ ಕುಳಿತುಕೊಳ್ಳಬೇಕು. ಇದಕ್ಕೆ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಾದಲ್ಲಿ ಮಾರಾಟವಾಗಿ ನ್ಯೂಜಿಲೆಂಡಿನಲ್ಲಿ ಚಿತ್ರವಾದ ಒಂದು ಕಥೆಯೇ ಸಾಕ್ಷಿ.

ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ನರು 1937ರಲ್ಲಿ 'ದಿ ಹಾಬಿಟ್' ಎಂಬ ಮಕ್ಕಳ ಕಥೆಯನ್ನು ಪ್ರಕಟಿಸಿದರು. ಮನೆಯನ್ನು ಬಿಟ್ಟು ಕದಲಲೊಲ್ಲದ ಬಿಲ್ಬೊ ಎಂಬ ಪುಟ್ಟ ಗೃಹಸ್ಥನು ಹದಿಮೂರು ಮಂದಿ ಕುಳ್ಳರೊಡನೆ ಘಟಸರ್ಪವು ಕಾಯುತ್ತಿರುವ ನಿಧಿಯನ್ನರಸಿ ಹೊರಡುತ್ತಾನೆ. ದಾರಿಯಲ್ಲಿ ಅವನಿಗೊಂದು ಉಂಗುರವು ದೊರೆಯುತ್ತದೆ. ಆ ಉಂಗುರದ ಮುಂದಿನ ಕಥೆಯೇ 1954-55ರಲ್ಲಿ ಮೂರು ಸಂಪುಟಗಳಾಗಿ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಚಲನಚಿತ್ರದಲ್ಲಿ ಮಾತ್ರ ಈ ಕ್ರಮವು ತಲೆಕೆಳಗಾಯಿತು. ಪೀಟರ್ ಜ್ಯಾಕ್ಸನ್ನರು ದೊಡ್ಡ ಕಥೆಯನ್ನು 2001, 2002 ಮತ್ತು 2003ರಲ್ಲಿ ಮೂರು ಚಿತ್ರಗಳನ್ನಾಗಿ ತೋರಿಸಿದರು. ಕಡೆಯದಕ್ಕೆ ಹನ್ನೊಂದು ಆಸ್ಕರ್ ಪ್ರಶಸ್ತಿಗಳು ಬಂದುವು. ಅಂದಿನಿಂದ ರಸಿಕರು ಮೊದಲ ಕಥೆಗಾಗಿ ಬಾಗಿಲು ಕಾಯತೊಡಗಿದರು.

ತಡವೇಕಾಯಿತು? ಅದರ ಬೀಜವನ್ನು ಬಹಳ ಹಿಂದೆಯೇ ಬಿತ್ತಿದ್ದಿತು. ಟೋಲ್ಕಿನ್ನರು 1969ರಲ್ಲಿ ಎರಡು ಕಥೆಗಳ ಚಿತ್ರಹಕ್ಕುಗಳನ್ನೂ ಯುನೈಟೆಡ್ ಆರ್ಟಿಸ್ಟ್ಸ್ ಕಂಪೆನಿಗೆ ಮಾರಿದರು. 1976ರಲ್ಲಿ ಸಾಲ್ ಜೇಂಟ್ಸ್ ಎಂಬವರು ಅವುಗಳನ್ನು ಕೊಂಡರಾದರೂ, 'ಹಾಬಿಟ್' ಚಿತ್ರವನ್ನು ಹಂಚುವ ಹಕ್ಕು ಹಳೆಯ ಕಂಪೆನಿಯಲ್ಲಿಯೇ ಉಳಿದು, ಮುಂದೆ ಎಂ.ಜಿ.ಎಂ. ಕಂಪೆನಿಯ ಪಾಲಾಯಿತು. ಅಂದರೆ ಬಾವಿಯ ಹಗ್ಗ ಒಬ್ಬರ ಕೈಯಲ್ಲಿ, ಕೊಡ ಮತ್ತೊಬ್ಬರ ಕೈಯಲ್ಲಿ. ಇಬ್ಬರೂ ಒಪ್ಪಿದ ಹೊರತು ಬಾಯಾರಿದವನಿಗೆ ನೀರಿಲ್ಲ.

ಇದು ಸಾಲದೆಂಬಂತೆ, ಮೊದಲನೆಯ ಚಿತ್ರದ ವರಮಾನದ ಲೆಕ್ಕದ ವಿಷಯದಲ್ಲಿ ಜ್ಯಾಕ್ಸನ್ನರು 2005ರಲ್ಲಿ ನ್ಯೂ ಲೈನ್ ಕಂಪೆನಿಯ ಮೇಲೆ ದಾವೆ ಹೂಡಿದರು. ಪೂರ್ವಕಥೆಯನ್ನು ತಮ್ಮಿಂದ ಮಾಡಿಸುವುದಿಲ್ಲವೆಂದು ಅವರೇ 2006ರಲ್ಲಿ ಅಭಿಮಾನಿಗಳಿಗೆ ತಿಳಿಸಿದಾಗ ಎಲ್ಲೆಡೆಯೂ ಪ್ರತಿಭಟನೆಯಾಯಿತು. 2007ರ ಡಿಸೆಂಬರಿನಲ್ಲಿ ರಾಜಿಯಾಯಿತು. ಎರಡೇ ತಿಂಗಳಲ್ಲಿ ಟೋಲ್ಕಿನ್ನರ ವಾರಸುದಾರರು, ಒಟ್ಟು ವರಮಾನದಲ್ಲಿ ತಮಗೆ ಸಲ್ಲಬೇಕಾದ ನೂರಕ್ಕೆ ಏಳೂವರೆಯ ಪಾಲು ಬಂದಿಲ್ಲವೆಂದು ಅದೇ ಕಂಪೆನಿಯನ್ನು ನ್ಯಾಯಸ್ಥಾನಕ್ಕೆಳೆದರು. ಅದು ಬಗೆಹರಿದುದು 2009ರಲ್ಲಿ. ಈ ನಡುವೆ ನಿರ್ದೇಶನವನ್ನು ವಹಿಸಿಕೊಂಡಿದ್ದ ಗಿಲ್ಯೆರ್ಮೊ ದೆಲ್ ತೊರೊ ಅವರು ಎರಡು ವರ್ಷ ದುಡಿದರೂ, ಸಾಲದಲ್ಲಿ ಮುಳುಗಿದ್ದ ಎಂ.ಜಿ.ಎಂ.ನಿಂದ ಚಿತ್ರೀಕರಣದ ದಿನವೇ ನಿಶ್ಚಯವಾಗದಿರಲು, 2010ರ ಮೇ ತಿಂಗಳಲ್ಲಿ ಕೈಬಿಟ್ಟು ಹೊರಟರು. ಅದೇ ನವೆಂಬರಿನಲ್ಲಿ ಎಂ.ಜಿ.ಎಂ. ದಿವಾಳಿಯ ಅರ್ಜಿಯನ್ನು ಸಲ್ಲಿಸಿತು.

ಅದೇ ವರ್ಷ ನಟರ ಸಂಘಗಳೂ ಕೂಲಿಕರಾರಿನ ವಿಷಯದಲ್ಲಿ ಬಹಿಷ್ಕಾರ ಹೂಡಿದುವು. ಚಿತ್ರವು ದೇಶ ಬಿಟ್ಟು ಹೋದೀತೆಂಬ ಭಯದಿಂದ ನ್ಯೂಜಿಲೆಂಡಿನ ಸರಕಾರವು ಅಕ್ಟೋಬರಿನಲ್ಲಿ ತನ್ನ ಕಾನೂನನ್ನೇ ತಿದ್ದಿ, ಚಿತ್ರಕೆಲಸಗಾರರನ್ನು ನೌಕರರೆಂದೆಣಿಸದೆ ಗುತ್ತಿಗೆದಾರರೆಂದೆಣಿಸಿತು. ಅವರಿಗೆ ಒಟ್ಟಾಗಿ ಸಂಧಾನ ನಡೆಸುವ ಅವಕಾಶವು ದೊರೆಯಲು 2022ರ ಹೊಸ ಕಾಯಿದೆಯು ಬರಬೇಕಾಯಿತು. ಬಿಲ್ಬೊವಿನ ದರ್ಶನಕ್ಕಾಗಿ ಕಾತರಿಸುತ್ತಿದ್ದವರಲ್ಲಿ ಎಷ್ಟು ಮಂದಿ ಈ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು? ವಾಚಕರು ಆಲೋಚಿಸತಕ್ಕದ್ದು.

ಕಡೆಗೆ ಜ್ಯಾಕ್ಸನ್ನರೇ ನಿರ್ದೇಶಕರಾಗಿ 2011ರ ಮಾರ್ಚಿಯಲ್ಲಿ ಚಿತ್ರೀಕರಣವನ್ನು ಆರಂಭಿಸಿದರು. ಎರಡು ಭಾಗವೆಂದಿದ್ದುದು ಮೂರಾಗಿ 2012, 2013, 2014ರಲ್ಲಿ ತೆರೆಗೆ ಬಂದುವು. ಜನರು ತಂಡತಂಡವಾಗಿ ನೋಡಿದರು. ಆದರೆ ಒಂದೇ ಸಣ್ಣ ಪುಸ್ತಕವನ್ನು ಇಷ್ಟು ಉದ್ದಕ್ಕೆಳೆದರಲ್ಲಾ ಎಂದು ಕೊರಗಿದವರೂ ಬಹುಮಂದಿ. ಪಾಲುದಾರರು ಹೆಚ್ಚಿದಲ್ಲಿ ಪಾಯಸಕ್ಕೆ ನೀರು ಹೊಯ್ಯುವುದು ಎಲ್ಲ ದೇಶಕ್ಕೂ ಸಮಾನವಾದ ವಾಡಿಕೆ.

ಕಾದವರನ್ನು ಹುಚ್ಚರೆಂದು ನಗುವುದು ಸುಲಭ. ನನಗೆ ಹಾಗೆ ತೋರದು. ಕರಾರುಪತ್ರಗಳಲ್ಲಿ ಹೆಸರಿಲ್ಲದ ಆ ಜನರೇ ಕಥೆಯನ್ನು ಬದುಕಿಸಿಟ್ಟವರು. ಕಾಯುವವನಿಗೆ ಮಾತ್ರ ಒಂದು ಅನುಕೂಲವಿದ್ದಿತು: ಪುಸ್ತಕವು ಕಪಾಟಿನಲ್ಲಿಯೇ ಇದ್ದಿತು, ಅದನ್ನು ತೆರೆಯುವುದಕ್ಕೆ ಯಾವ ಕಂಪೆನಿಯ ಅಪ್ಪಣೆಯೂ ಬೇಕಿರಲಿಲ್ಲ. ಮಕ್ಕಳು ಮುಂದೆಂದಾದರೂ ಬರಲಿರುವ ಚಿತ್ರಕ್ಕಾಗಿ ಹಂಬಲಿಸಿದಾಗ ತಾಯಿತಂದೆಗಳು ಗದರಿಸದೆ, ಅದರ ಮೂಲಕಥೆಯನ್ನು ತಂದು ದಿನಕ್ಕೊಂದು ಅಧ್ಯಾಯದಂತೆ ಓದಿ ಹೇಳಲಿ. ಮನೆಯ ಆಸ್ತಿಪತ್ರವನ್ನು ಬರೆಯಿಸುವ ಹಿರಿಯರೂ ಇನ್ನೊಂದನ್ನು ನೆನಪಿನಲ್ಲಿಡಲಿ: ಹಗ್ಗವನ್ನು ಕೊಟ್ಟವನಿಗೇ ಕೊಡವನ್ನೂ ಕೊಟ್ಟರೆ ಮೊಮ್ಮಕ್ಕಳು ನೀರಿಗಾಗಿ ಬಾವಿಯ ಕಟ್ಟೆಯ ಮೇಲೆ ಜಗಳವಾಡುವುದು ತಪ್ಪುವುದು.