ಬಡ್ತಿಯಲ್ಲಿ ಕಳೆದುಹೋದ ಸಭೆ

ಮಾದನಾಯಕನಹಳ್ಳಿಯ ಗ್ರಾಮ ಪಂಚಾಯಿತಿ ಹೋಗಿ ನಗರಸಭೆ ಬಂದಾಗ ಹಿಗ್ಗಿದವರಲ್ಲಿ ನಾನೂ ಒಬ್ಬ. ತುಮಕೂರು ರಸ್ತೆಯ ಎರಡು ಮಗ್ಗುಲಿಗೂ ಕಾರ್ಖಾನೆ, ಗೋದಾಮು, ಬಾಡಿಗೆ ಮನೆಗಳು ಬೆಳೆದಿವೆ. 2024ರಲ್ಲಿ ಮೆಟ್ರೊ ರೈಲು ಮಾದಾವರದವರೆಗೆ ಬಂದಿತು. ಇಂಥ ಊರನ್ನು ಇನ್ನೂ ಹಳ್ಳಿಯೆನ್ನುವುದು ಹೇಗೆ? ಆದರೆ ಈ ಬಡ್ತಿಯಲ್ಲಿ ನಾವು ಒಂದನ್ನು ಕಳೆದುಕೊಂಡೆವು. ಅದು ಗ್ರಾಮಸಭೆ.

ಗ್ರಾಮಸಭೆಯೆಂದರೆ ಪಂಚಾಯಿತಿ ಸದಸ್ಯರ ಸಭೆಯಲ್ಲ. 1992ರ 73ನೆಯ ತಿದ್ದುಪಡಿಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಯಾರನ್ನೂ ಆರಿಸಿ ಕಳುಹಿಸದೆ ಪ್ರಜೆ ತಾನೇ ಹೋಗಿ ಕೂಡುವ ಸಭೆ ಅದು. ಅದರ ಬಲವೆಷ್ಟೆಂಬುದನ್ನು 2013ರಲ್ಲಿ ಒಡಿಶಾದ ನಿಯಮಗಿರಿ ತೋರಿಸಿತು. ಸುಪ್ರೀಂ ಕೋರ್ಟಿನ ಆದೇಶದಂತೆ ಸೇರಿದ 12 ಗ್ರಾಮಸಭೆಗಳೂ ಬೆಟ್ಟದ ಗಣಿಗಾರಿಕೆ ಬೇಡವೆಂದವು, ಗಣಿ ಬರಲಿಲ್ಲ.

ಪಟ್ಟಣಗಳಿಗಾಗಿ ಬಂದ 74ನೆಯ ತಿದ್ದುಪಡಿಯಲ್ಲಿ ಇಂಥ ಸಭೆಯಿಲ್ಲ. ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯಿದ್ದರೆ ವಾರ್ಡ್ ಸಮಿತಿ ಬೇಕೆಂದು ಹೇಳಿದೆ, ಅಷ್ಟೆ. ಸಮಿತಿಯೆಂದರೆ ಸಭೆಯಲ್ಲ.

ಮಿತ್ರರೊಬ್ಬರು ನಗುತ್ತಾರೆ: "ನಿಮ್ಮ ಗ್ರಾಮಸಭೆಯನ್ನು ಕಂಡಿದ್ದೇನೆ ಸ್ವಾಮಿ. ಶಾಮಿಯಾನದ ಕೆಳಗೆ ನಾಲ್ಕು ಜನ, ಯಾರಿಗೂ ಕೇಳದ ವರದಿ, ಪುಸ್ತಕಕ್ಕೊಂದು ರುಜು, ಮನೆಗೆ ನಡೆ." ಅವರ ಮಾತು ಬಹುಮಟ್ಟಿಗೆ ನಿಜ. ಆದರೆ ಆ ರುಜುವನ್ನು ಬೇಡಿ ಪಡೆಯಬೇಕಾಗಿತ್ತಲ್ಲ? ಎರಡು ಸಲ ಬಾಯಿ ಬಿಡದೆ ಕುಳಿತ ಮುದುಕಿ ಮೂರನೆಯ ಸಲ "ನನ್ನ ಮನೆ ಯಾರ ಪಾಲಾಯಿತಪ್ಪಾ?" ಎಂದು ನಾಲ್ಕು ಜನರೆದುರು ಕೇಳಬಹುದಾಗಿತ್ತು. ಆಕೆ ಅಲ್ಲಿ ಸಭಾಸದೆ. ನಗರಸಭೆಯ ಕಿಟಕಿಯ ಮುಂದೆ ಬರಿಯ ಅರ್ಜಿದಾರಳು. ಸರಿಯಾಗಿ ನಡೆಯದ ಸಭೆಯನ್ನು ಸರಿಪಡಿಸಬೇಕು. ಅದನ್ನೇ ಇಲ್ಲವಾಗಿಸುವುದು ನೆಗಡಿಗೆ ಮೂಗು ಕೊಯ್ದಂತೆ.

1881ರಲ್ಲಿ ದಿವಾನ್ ರಂಗಾಚಾರ್ಲು 144 ಮಂದಿ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಆಡಳಿತದ ವರದಿ ಒಪ್ಪಿಸಿದರು. ಪ್ರಜೆಗೆ ಮತದ ಹಕ್ಕಿಲ್ಲದ ಕಾಲ ಅದು. ಇಂದು ಮತವಿದೆ, ವರದಿ ಒಪ್ಪಿಸುವವರಿಲ್ಲ.

ಇದನ್ನು ಸರಿಪಡಿಸುವುದು ಯಾರ ಕೈಯಲ್ಲಿದೆ? ಅಮೆರಿಕದ ಆರೆಗನ್ 1902ರಲ್ಲಿ, ಕ್ಯಾಲಿಫೋರ್ನಿಯ 1911ರಲ್ಲಿ ತಮ್ಮ ತಮ್ಮ ರಾಜ್ಯ ಸಂವಿಧಾನವನ್ನೇ ತಿದ್ದಿ, ಪ್ರಜೆಗಳೇ ಶಾಸನವನ್ನು ಮುಂದಿಟ್ಟು ಮತಕ್ಕೆ ಹಾಕುವ ಹಕ್ಕನ್ನು ಕೊಟ್ಟವು. ನಮಗೂ ಮೈಸೂರಿನ ಸಂವಿಧಾನ ಸಭೆಯೊಂದಿತ್ತು. 1949ರ ನವೆಂಬರಿನಲ್ಲಿ ಮಹಾರಾಜರ ಘೋಷಣೆ ಭಾರತದ ಸಂವಿಧಾನವನ್ನೇ ಒಪ್ಪಿಕೊಂಡಿತು. ಅದು ಸರಿಯೇ. ಆದರೆ ಆ ಸಂವಿಧಾನದ ರಾಜ್ಯಪಟ್ಟಿಯ 5ನೆಯ ಬಾಬು ಸ್ಥಳೀಯ ಆಡಳಿತವನ್ನು ನಮ್ಮ ವಿಧಾನಮಂಡಲಕ್ಕೇ ಬಿಟ್ಟಿದೆ. ದೆಹಲಿಯತ್ತ ಬೆರಳು ತೋರಿಸಲು ಇಲ್ಲಿ ಅವಕಾಶವಿಲ್ಲ.

ನಾನು ಕೇಳುವುದು ಇಷ್ಟೆ: ಪ್ರತಿ ವಾರ್ಡಿನ ಮತದಾರರೆಲ್ಲರಿಗೂ ವರ್ಷಕ್ಕೆರಡು ಬಾರಿ ಸೇರುವ, ಗ್ರಾಮಸಭೆಗೆ ಸರಿಸಮನಾದ ಸಭೆ ಇರಲಿ. ಕೆಲಸದವರಿಗೆ ಅನುಕೂಲವಾಗುವಂತೆ ಅದು ಭಾನುವಾರ ನಡೆಯಲಿ. ಅದು ಬೇಡವೆಂದದ್ದನ್ನು ನಗರಸಭೆ ಮಾಡುವುದಾದರೆ ಕಾರಣವನ್ನು ಬರೆದು ಕೊಡಲಿ. "ಪಟ್ಟಣಿಗರಿಗೆ ಪುರಸೊತ್ತಿಲ್ಲ" ಎನ್ನುವವರು ಮೊದಲು ಬಾಗಿಲು ತೆರೆದು ನೋಡಲಿ. ಹಳ್ಳಿಯವನಿಗೆ ಇದ್ದ ಹಕ್ಕು, ಅವನ ಮನೆಯ ಮುಂದೆ ಡಾಂಬರು ಬಿದ್ದ ಮಾತ್ರಕ್ಕೆ ಹೋಗಬಾರದು.