ಮಾಲ್‌ನ ಬೇಸ್‌ಮೆಂಟಿಗೆ ಫುಲ್ ಕಡ್ಡಿ, ಮಲೆನಾಡಿನ ಮನೆಗೆ ಸೊನ್ನೆ: ಇದು ಬೆಟ್ಟದ ತಪ್ಪಲ್ಲ

ಬೆಂಗಳೂರಿನ ಯಾವುದಾದರೂ ದೊಡ್ಡ ಮಾಲ್‌ನ ಎರಡನೇ ಬೇಸ್‌ಮೆಂಟಿಗೆ ಇಳಿದು ನೋಡಿ. ತಲೆಯ ಮೇಲೆ ಆರೇಳು ಮಹಡಿ ಕಾಂಕ್ರೀಟು, ನಾಲ್ಕೂ ಕಡೆ ಮಣ್ಣು. ಹೊರಗಿನ ಟವರ್‌ನ ಸಿಗ್ನಲ್ ಅಲ್ಲಿಗೆ ತಲುಪೋದು ಅಸಾಧ್ಯ. ಆದರೂ ಪಾರ್ಕಿಂಗ್ ದುಡ್ಡನ್ನು ಯುಪಿಐನಲ್ಲಿ ಕಟ್ಟುತ್ತೀರಿ, ಕ್ಯಾಬ್ ಬುಕ್ ಮಾಡುತ್ತೀರಿ.

ಈಗ ಹೊಸನಗರದ ನಗರ ಹೋಬಳಿಗೋ, ಸಾಗರದ ತುಮರಿ ಕಡೆಗೋ, ತೀರ್ಥಹಳ್ಳಿಯ ಆಗುಂಬೆ ಆಸುಪಾಸಿಗೋ ಬನ್ನಿ. ತಲೆಯ ಮೇಲೆ ಇರೋದು ಹೆಂಚು, ಅದರ ಮೇಲೆ ಆಕಾಶ. ಇಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಓಟಿಪಿ ಬರಬೇಕಾದರೆ ಯಾರಾದರೂ ಫೋನ್ ಹಿಡಿದು ಗುಡ್ಡ ಹತ್ತಬೇಕು.

ಇದನ್ನು ಕೇಳಿದರೆ ಅಧಿಕಾರಿಗಳಿಂದ, ಕಂಪನಿಗಳಿಂದ ಬರುವ ಉತ್ತರ ಒಂದೇ: "ನಿಮ್ಮದು ಬೆಟ್ಟಗುಡ್ಡದ ಪ್ರದೇಶ, ಏನ್ ಮಾಡೋಕಾಗುತ್ತೆ?" ಆದರೆ ಭೂಮಿಯೊಳಗಿನ ಬೇಸ್‌ಮೆಂಟಿಗೆ ಸಿಗ್ನಲ್ ಕೊಡಲು ಗೊತ್ತಿರುವ ಎಂಜಿನಿಯರಿಂಗ್‌ಗೆ ಬೆಟ್ಟದ ಹಿಂದಿನ ಮನೆಗೆ ಕೊಡಲು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಉತ್ತರ ಸಿಗದೇ ಇರೋದು ಬೇರೆ ಪ್ರಶ್ನೆಗೆ: ದುಡ್ಡು ಯಾರು ಕೊಡಬೇಕು, ಲೆಕ್ಕ ಯಾರು ಹಿಡಿಯಬೇಕು?

ಬೇಸ್‌ಮೆಂಟಿನಲ್ಲಿ ಏನಿದೆ?

ಮಾಲ್, ಆಸ್ಪತ್ರೆ, ವಿಮಾನ ನಿಲ್ದಾಣದ ಚಾವಣಿಯಲ್ಲಿ ಮಗುಚಿಟ್ಟ ಬಟ್ಟಲಿನಂಥ ಬಿಳಿ ಪ್ಲಾಸ್ಟಿಕ್ ವಸ್ತುವೊಂದನ್ನು ನೋಡಿರುತ್ತೀರಿ. ಹೊಗೆ ಪತ್ತೆ ಮಾಡುವ ಯಂತ್ರ ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ಅವುಗಳಲ್ಲಿ ಹಲವು ಆಂಟೆನಾಗಳು. ಈ ವ್ಯವಸ್ಥೆಗೆ ಡಿಸ್ಟ್ರಿಬ್ಯೂಟೆಡ್ ಆಂಟೆನಾ ಸಿಸ್ಟಮ್, ಚಿಕ್ಕದಾಗಿ ಡಾಸ್ ಅನ್ನುತ್ತಾರೆ.

ಸಿಗ್ನಲ್ ಒಂದು ದಪ್ಪ ಕಾಂಕ್ರೀಟ್ ಗೋಡೆ ದಾಟಿದರೆ ಅದರ ಶಕ್ತಿ ಹತ್ತನೇ ಒಂದು, ಕೆಲವೊಮ್ಮೆ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಿಸಿಲು ತಡೆಯಲು ಲೋಹದ ತೆಳು ಲೇಪನ ಹಾಕಿದ ಗಾಜೂ ಸಿಗ್ನಲ್ಲನ್ನು ಹೀಗೇ ತಡೆಯುತ್ತದೆ. ಹೊರಗಿನ ಟವರನ್ನು ಇನ್ನಷ್ಟು ಜೋರು ಮಾಡಿದರೆ ಆಗಲ್ವಾ? ಆಗಲ್ಲ. ಟವರ್ ಎಷ್ಟೇ ಜೋರಾಗಿ ಕೂಗಿದರೂ ನಿಮ್ಮ ಫೋನ್ ವಾಪಸ್ ಉತ್ತರ ಕೊಡಬೇಕಲ್ಲ. ಅದರ ದನಿ ಚಿಕ್ಕದು, ಹೆಚ್ಚೆಂದರೆ ಸುಮಾರು 200 ಮಿಲಿವ್ಯಾಟ್. ಸಿಗ್ನಲ್ ದುರ್ಬಲವಿರುವ ಕಡೆ ಫೋನ್ ಪೂರ್ತಿ ಶಕ್ತಿ ಹಾಕಿ ಕೂಗುತ್ತಲೇ ಇರುತ್ತದೆ. ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿಯಾಗುವ ಮಲೆನಾಡಿನ ಅನುಭವಕ್ಕೆ ಇದೂ ಒಂದು ಕಾರಣ.

ಹಾಗಾಗಿ ದೊಡ್ಡ ಕಟ್ಟಡಗಳಲ್ಲಿ ಟವರ್‌ನ ಕೆಲಸವನ್ನೇ ಹಂಚಿಬಿಡುತ್ತಾರೆ. ಮೂಲ ಯಂತ್ರ ಒಂದು ಕೋಣೆಯಲ್ಲಿ. ಅಲ್ಲಿಂದ ಕೇಬಲ್ ಮೂಲಕ ಪ್ರತಿ ಮಹಡಿಗೂ ಕಡಿಮೆ ಶಕ್ತಿಯ ಹತ್ತಾರು ಆಂಟೆನಾ. ಮಾಮೂಲಿ ತಾಮ್ರದ ಕೇಬಲಿನಲ್ಲಿ ನೂರು ಮೀಟರ್ ಸಾಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಸೋರಿಹೋಗುತ್ತದೆ. ಆಪ್ಟಿಕಲ್ ಫೈಬರ್‌ನಲ್ಲಿ ಒಂದು ಕಿಲೋಮೀಟರ್ ಹೋದರೂ ಕಳೆದುಕೊಳ್ಳೋದು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕೇ ದೊಡ್ಡ ಆವರಣಗಳಲ್ಲಿ ಫೈಬರ್ ಎಳೆದು, ತುದಿಯಲ್ಲಿ ಪುಟ್ಟ ರೇಡಿಯೋ ಯಂತ್ರ ಕೂರಿಸುತ್ತಾರೆ. ಒಂದೇ ವ್ಯವಸ್ಥೆಯನ್ನು ನಾಲ್ಕೂ ಕಂಪನಿಗಳು ಹಂಚಿಕೊಳ್ಳಬಹುದು.

ತತ್ವ ಇಷ್ಟೇ: ದೂರದಿಂದ ಜೋರಾಗಿ ಕೂಗಬೇಡ, ಹತ್ತಿರ ಹೋಗಿ ಮೆಲ್ಲಗೆ ಮಾತಾಡು.

ಮಲೆನಾಡೂ ಒಂದು ದೊಡ್ಡ ಕಟ್ಟಡವೇ

ಈ ತತ್ವ ಇಟ್ಟುಕೊಂಡು ನಮ್ಮ ಮೂರು ತಾಲ್ಲೂಕುಗಳನ್ನು ನೋಡಿ. ಬಯಲುಸೀಮೆಯ ಊರು ಒಂದೆಡೆ ಗುಂಪಾಗಿರುತ್ತದೆ, ಪಕ್ಕದಲ್ಲಿ ಟವರ್ ನೆಟ್ಟರೆ ಎಲ್ಲರಿಗೂ ಸಿಗುತ್ತದೆ. ಮಲೆನಾಡಿನ ಊರು ಹಾಗಿಲ್ಲ. ಅಡಿಕೆ ತೋಟ ಕಣಿವೆಯಲ್ಲಿ, ಮನೆ ತೋಟದ ತಲೆಯಲ್ಲಿ, ಇನ್ನೊಂದು ಮನೆ ಗುಡ್ಡದ ಆಚೆ. ಒಂದೊಂದು ಕಣಿವೆಯೂ ಒಂದೊಂದು ಕೋಣೆ, ನಡುವಿನ ಗುಡ್ಡಗಳೇ ಗೋಡೆ. ಮಳೆಗಾಲದಲ್ಲಿ ನೆನೆದ ದಟ್ಟ ಎಲೆಗಳೂ ಸಿಗ್ನಲ್ ಹೀರಿಕೊಳ್ಳುತ್ತವೆ. ಆಗುಂಬೆ, ಹುಲಿಕಲ್ ಇರುವ ಸೀಮೆಯಲ್ಲಿ ಎಲೆ ಒಣಗಿರೋದು ವರ್ಷದಲ್ಲಿ ಎಷ್ಟು ತಿಂಗಳು?

ಗುಡ್ಡದ ನೆತ್ತಿಯಲ್ಲಿ ಒಂದು ಎತ್ತರದ ಟವರ್ ಹಾಕಿದರೆ ಅದು ಈ ಗೋಡೆಗಳನ್ನು ದಾಟುವುದಿಲ್ಲ. ದೂರದ ಹೆದ್ದಾರಿಗೆ ಸಿಗ್ನಲ್ ಬೀಳುತ್ತದೆ, ಕಾಲಬುಡದ ಮನೆಗೆ ಬೀಳಲ್ಲ. 5ಜಿ ಬಂದರೆ ಸರಿಹೋಗುತ್ತೆ ಅನ್ನುವವರಿಗೆ ಒಂದು ಲೆಕ್ಕ: 5ಜಿಗೆ ಹೆಚ್ಚು ಬಳಸುವ 3,500 ಮೆಗಾಹರ್ಟ್ಸ್ ತರಂಗವು, ಅಡೆತಡೆಯೇ ಇಲ್ಲದ ಬಯಲಿನಲ್ಲೂ, 900 ಮೆಗಾಹರ್ಟ್ಸ್‌ಗೆ ಹೋಲಿಸಿದರೆ ಫೋನಿಗೆ ತಲುಪಿಸುವ ಶಕ್ತಿ ಸುಮಾರು ಹದಿನೈದನೇ ಒಂದು ಭಾಗ. ಕಾಡು, ಗುಡ್ಡ ಸೇರಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಇಲ್ಲಿಗೆ ಬೇಕಿರೋದು ಕಡಿಮೆ ಆವರ್ತನದ ಬ್ಯಾಂಡ್, ಫೈಬರ್, ಮತ್ತು ಕಣಿವೆಗೊಂದರಂತೆ ಕುಳ್ಳ ಕಂಬದ ಮೇಲೊಂದು ಪುಟ್ಟ ಆಂಟೆನಾ. ಅಂದರೆ ಮಾಲ್‌ನಲ್ಲಿ ಮಾಡಿದ್ದನ್ನೇ ಬಯಲಿನಲ್ಲಿ ಮಾಡಬೇಕು.

ಕಾಗದದ ಮೇಲೆ ಎಲ್ಲ ಕವರ್ ಆಗಿದೆ

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯ 4ಜಿ ಸ್ಯಾಚುರೇಷನ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ, ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳು. ಜಾರಿ ಹೊಣೆ ಬಿಎಸ್‌ಎನ್‌ಎಲ್‌ಗೆ. 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಒಡಿಶಾದ ಝಾರ್ಸುಗುಡದಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನು ಉದ್ಘಾಟಿಸಿದರು. ನಮ್ಮ ಜಿಲ್ಲೆಯಲ್ಲೂ ಹೊಸ ಟವರ್‌ಗಳು ಎದ್ದಿವೆ.

ತೊಂದರೆ ಇರೋದು ಎಣಿಕೆಯಲ್ಲಿ. ಯೋಜನೆ ಎಣಿಸೋದು ಹಳ್ಳಿಯನ್ನು. ಮಲೆನಾಡಿನ ಒಂದು ಕಂದಾಯ ಗ್ರಾಮ ಅಂದರೆ ಮೈಲುಗಟ್ಟಲೆ ಹರಡಿದ ಹತ್ತಾರು ಮಜರೆ. ಗ್ರಾಮದ ಒಂದು ಮೂಲೆಯಲ್ಲಿ, ರಸ್ತೆಯ ಮೇಲೆ ಸಿಗ್ನಲ್ ಸಿಕ್ಕರೂ ಪಟ್ಟಿಯಲ್ಲಿ ಇಡೀ ಗ್ರಾಮ "ಕವರ್ಡ್". ಒಮ್ಮೆ ಹಾಗೆ ಗುರುತಾದರೆ ಮುಂದಿನ ಯೋಜನೆಯಲ್ಲಿ ಹೆಸರು ಬರಲ್ಲ. ನೆಟ್‌ವರ್ಕ್ ಸಿಗದವರು ಹೀಗೆ ಅಂಕಿ-ಅಂಶದಿಂದಲೂ ಹೊರಗೆ.

ಲಾಕ್‌ಡೌನ್ ಕಾಲದಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗಾಗಿ ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಟೆಂಟಿನಲ್ಲಿ ಕೂತಿದ್ದು, ಮಲೆನಾಡಿನ ಯುವಕರು "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಅಭಿಯಾನ ಮಾಡಿದ್ದು ನೆನಪಿರಬಹುದು. ಶಾಲೆ ತೆರೆಯಿತು, ಸುದ್ದಿ ಮುಗಿಯಿತು. ಆದರೆ ಸರ್ಕಾರ ಮಾತ್ರ ಆನ್‌ಲೈನ್‌ನಿಂದ ಇಳಿಯಲಿಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲೇ ಹಾಕಬೇಕು ಅಂದರು. ಅಂಗನವಾಡಿ ಕಾರ್ಯಕರ್ತೆಯರಿಗೆ ಪೋಷಣ್ ಟ್ರ್ಯಾಕರ್. ಪಡಿತರಕ್ಕೆ ಬೆರಳಚ್ಚು. ನೆಟ್‌ವರ್ಕ್ ಕೊಡುವುದು ಸರ್ಕಾರಕ್ಕೆ ಐಚ್ಛಿಕ, ನೆಟ್‌ವರ್ಕ್ ಹುಡುಕಿಕೊಂಡು ಹೋಗುವುದು ಬಡವರಿಗೆ ಕಡ್ಡಾಯ!

ಇನ್ನು ಆರೋಗ್ಯ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಹಬ್ಬಿ ಜೀವಗಳು ಹೋದವು. ಮಂಗ ಸತ್ತಿದ್ದು ಕಂಡ ಕೂಡಲೇ ತಿಳಿಸಿ, ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಬನ್ನಿ ಅಂತ ಆರೋಗ್ಯ ಇಲಾಖೆ ಪ್ರತಿವರ್ಷ ಹೇಳುತ್ತದೆ. ಸರಿ, ಯಾವುದರಿಂದ ತಿಳಿಸೋದು? ತುರ್ತು ಕರೆಯನ್ನು ಫೋನು ಬೇರೆ ಕಂಪನಿಯ ನೆಟ್‌ವರ್ಕಿನಿಂದಲೂ ಮಾಡಬಲ್ಲದು, ನಿಜ. ಆದರೆ ಯಾವ ಕಂಪನಿಯ ಸಿಗ್ನಲ್ಲೂ ಇಲ್ಲದ ಕಡೆ 112 ಅನ್ನೋದು ಬರೀ ಮೂರು ಅಂಕಿ.

ಹಣ ಯಾರದು?

"ಹತ್ತು ಮನೆಗೋಸ್ಕರ ಯಾರು ಬಂಡವಾಳ ಹಾಕ್ತಾರೆ?" ಇದು ಕಂಪನಿಗಳ ವಾದ. ಲಾಭದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ವಾದಕ್ಕೆ ಉತ್ತರವಾಗಿಯೇ ಒಂದು ನಿಧಿ ಇದೆ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ 5ರಷ್ಟನ್ನು ಗ್ರಾಮೀಣ ಸಂಪರ್ಕಕ್ಕಾಗಿ ಸರ್ಕಾರಕ್ಕೆ ಕಟ್ಟಬೇಕು. ಹಿಂದೆ ಇದು ಯುಎಸ್‌ಒ ನಿಧಿ, 2023ರ ದೂರಸಂಪರ್ಕ ಕಾಯ್ದೆಯ ನಂತರ ಡಿಜಿಟಲ್ ಭಾರತ್ ನಿಧಿ. ಕೊನೆಗೆ ಆ ದುಡ್ಡು ಬರೋದು ನಮ್ಮ ನಿಮ್ಮ ರೀಚಾರ್ಜಿನಿಂದ. ಗುಡ್ಡ ಹತ್ತಿ ಮಾತಾಡುವವರೂ ಅದೇ ದರದ ರೀಚಾರ್ಜ್ ಮಾಡಿಸುತ್ತಾರೆ.

ಹಂಚಿಕೊಂಡು ಬಳಸುವ ದಾರಿಯೂ ತೆರೆದಿದೆ. ಈ ನಿಧಿಯಿಂದ ಕಟ್ಟಿದ 4ಜಿ ಟವರ್‌ಗಳಲ್ಲಿ ಒಂದು ಕಂಪನಿಯ ಗ್ರಾಹಕರು ಇನ್ನೊಂದರ ಸಿಗ್ನಲ್ ಬಳಸುವ ಇಂಟ್ರಾ ಸರ್ಕಲ್ ರೋಮಿಂಗ್‌ಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿತು. ಒಂದು ಕಟ್ಟಡದಲ್ಲಿ ನಾಲ್ಕು ಕಂಪನಿಗೆ ಒಂದೇ ಆಂಟೆನಾ ಅನ್ನುವುದರ ಹಳ್ಳಿ ರೂಪ ಇದು. ಆದರೆ ಇದು ಆ ನಿಧಿಯ ಟವರ್‌ಗಳಿಗೆ ಮಾತ್ರ.

ಅರಣ್ಯದ ಅನುಮತಿ ಸಿಗಲ್ಲ ಅನ್ನೋದು ಇನ್ನೊಂದು ಮಾತು. ಕಾಡು ಉಳಿಯಬೇಕು, ಅದರಲ್ಲಿ ರಾಜಿ ಬೇಡ. ಆದರೆ ಶರಾವತಿ ಕಣಿವೆಯ ಅಭಯಾರಣ್ಯದಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಕಡತವನ್ನು ದೆಹಲಿವರೆಗೂ ಹೊತ್ತೊಯ್ಯುವ ಸರ್ಕಾರಕ್ಕೆ, ಇರುವ ವಿದ್ಯುತ್ ಕಂಬಗಳ ಮೇಲೆ ಫೈಬರ್ ಎಳೆದು ಪುಟ್ಟ ಆಂಟೆನಾ ಕಟ್ಟುವ ಅನುಮತಿ ಮಾತ್ರ ಕಷ್ಟವೇ? ದೊಡ್ಡ ಟವರ್‌ಗೆ ರಸ್ತೆ ಬೇಕು, ಜಾಗ ಬೇಕು, ಮರ ಕಡಿಯಬೇಕು. ಹಂಚಿದ ಸಣ್ಣ ಆಂಟೆನಾಗಳಿಗೆ ಅಷ್ಟೆಲ್ಲ ಬೇಡ. ಕಾಡಿನ ದೃಷ್ಟಿಯಿಂದಲೂ ಇದೇ ವಾಸಿ.

ಸ್ಟಾರ್ ರೇಟಿಂಗ್ ಯಾರಿಗೆ?

ಒಳಾಂಗಣ ಸಂಪರ್ಕದ ಬಗ್ಗೆ ಟ್ರಾಯ್ ಸುಮ್ಮನೆ ಕೂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಅದು ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮಾವಳಿ ಹೊರಡಿಸಿತು. ಒಳಗೆ ಫೈಬರ್ ಇದೆಯಾ, ಮೊಬೈಲ್ ಸಿಗ್ನಲ್ ಹೇಗಿದೆ ಅಂತ ಅಳೆದು ಸ್ಟಾರ್ ಕೊಡುವ ವ್ಯವಸ್ಥೆ. ಒಳ್ಳೆಯದೇ. ಆದರೆ ಇದು ಸ್ವಯಂಪ್ರೇರಿತ. ಸ್ಟಾರ್ ತೋರಿಸಿ ಫ್ಲ್ಯಾಟ್ ಮಾರುವ ಬಿಲ್ಡರ್ ಓಡಿಬರುತ್ತಾನೆ. ತಾಲ್ಲೂಕು ಆಸ್ಪತ್ರೆಗೆ ಏನು ಮಾರಲಿಕ್ಕಿದೆ, ಅದು ಯಾಕೆ ಅರ್ಜಿ ಹಾಕುತ್ತದೆ?

ನಮ್ಮ ಮೂರೂ ಪಟ್ಟಣಗಳಲ್ಲಿ ದೊಡ್ಡ ಕಟ್ಟಡಗಳಿವೆ. ಸಾಗರದ ಉಪವಿಭಾಗೀಯ ಆಸ್ಪತ್ರೆ, ತೀರ್ಥಹಳ್ಳಿಯ ಜೆ.ಸಿ. ಆಸ್ಪತ್ರೆ, ತಾಲ್ಲೂಕು ಕಚೇರಿಗಳು, ಪದವಿ ಕಾಲೇಜುಗಳು, ಬಸ್ ನಿಲ್ದಾಣಗಳು. ನೆಟ್‌ವರ್ಕ್ ಅರಸಿ ಹಳ್ಳಿಯಿಂದ ಬರುವವರು ಕೊನೆಗೆ ಬಂದು ನಿಲ್ಲೋದು ಇಲ್ಲೇ. ಈ ಕಟ್ಟಡಗಳ ಒಳಕೋಣೆಗಳಲ್ಲಿ ಸಿಗ್ನಲ್ ಹೇಗಿದೆ ಅಂತ ಮೊದಲು ಅಳೆಯಬೇಕಾದ್ದು ಸರ್ಕಾರದ ಕೆಲಸ.

ಕೇಳಬೇಕಾದ್ದೇನು?

"ಟವರ್ ಕೊಡಿ" ಅನ್ನೋ ಬೇಡಿಕೆ ಸಾಲದು. ಟವರ್ ಉದ್ಘಾಟನೆಗೆ ರಿಬ್ಬನ್ ಇರುತ್ತೆ, ಫೋಟೋ ಇರುತ್ತೆ. ಕರೆಂಟ್ ಹೋದ ಅರ್ಧ ಗಂಟೆಗೆ ಟವರ್ ಮಲಗಿದಾಗ ಯಾವ ಫೋಟೋನೂ ಇರಲ್ಲ. ಬೇಡಿಕೆ ಹರಿತವಾಗಬೇಕು.

ಒಂದು, ಎಣಿಕೆ ಮಜರೆವಾರು ಆಗಲಿ, ಅಳತೆ ಮನೆಯೊಳಗೆ ಆಗಲಿ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮದ ಪ್ರಕಾರ ಪ್ರತಿ ಕಂಪನಿಯೂ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತೆ ಅನ್ನುವ ನಕ್ಷೆಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಆ ನಕ್ಷೆ ತೆಗೆದು ನಿಮ್ಮ ಊರು ಹುಡುಕಿ. ಬಣ್ಣ ತುಂಬಿದ ಜಾಗದಲ್ಲಿ ಸಿಗ್ನಲ್ ಇಲ್ಲದಿದ್ದರೆ ಅದೇ ನಿಮ್ಮ ಸಾಕ್ಷಿ. ಗ್ರಾಮಸಭೆಯಲ್ಲಿ ಮನೆ ಮನೆಯ ಪಟ್ಟಿ ಮಾಡಿ ಠರಾವು ಬರೆಸಿ. ಭಾವಚಿತ್ರದ ಮನವಿಗಿಂತ ಇದಕ್ಕೆ ತೂಕ ಜಾಸ್ತಿ.

ಎರಡು, ಪಂಚಾಯಿತಿವರೆಗೆ ಬಂದ ಭಾರತ್‌ನೆಟ್ ಫೈಬರ್ ಅಲ್ಲೇ ನಿಲ್ಲದೆ ಕಣಿವೆಗಳಿಗೆ ಇಳಿಯಲಿ. ತುದಿಯಲ್ಲಿ ಎಲ್ಲ ಕಂಪನಿಗೂ ಹಂಚುವ ಸಣ್ಣ ಆಂಟೆನಾ, ಜೊತೆಗೆ ಮಳೆಗಾಲದ ಕರೆಂಟ್ ಕಡಿತ ತಾಳುವ ಬ್ಯಾಟರಿ. ಬ್ಯಾಟರಿ ಇಲ್ಲದ ಆಂಟೆನಾಗೆ ಬಿಲ್ ಪಾಸಾಗಬಾರದು.

ಮೂರು, ಸರ್ಕಾರಿ ಆಸ್ಪತ್ರೆ, ಕಾಲೇಜು, ತಾಲ್ಲೂಕು ಕಚೇರಿಗಳಿಗೆ ರೇಟಿಂಗ್ ಕಡ್ಡಾಯವಾಗಲಿ, ಕೊರತೆ ಇದ್ದರೆ ಡಿಜಿಟಲ್ ಭಾರತ್ ನಿಧಿಯಿಂದ ಡಾಸ್ ಹಾಕಿಸಲಿ.

ನಾಲ್ಕು, ಇದೆಲ್ಲ ಆಗುವವರೆಗೆ, ಸಿಗ್ನಲ್ ಇಲ್ಲದ ಕಡೆ ಆ್ಯಪ್ ಹಾಜರಿ ಬೇಡ. ಕಾಗದದ ಹಾಜರಿ ಪುಸ್ತಕಕ್ಕೆ ಟವರ್ ಬೇಕಾಗಿಲ್ಲ.

ಮನೆಯಲ್ಲಿ ಫೈಬರ್ ಇದ್ದವರು ವೈಫೈ ಕಾಲಿಂಗ್‌ನಲ್ಲಿ ದಿನ ದೂಡುತ್ತಿದ್ದಾರೆ. ಅದು ಅನುಕೂಲ ಇದ್ದವರ ದಾರಿ. ತೋಟಕ್ಕೆ ಇಳಿದರೆ ಅದೂ ಇಲ್ಲ. ಇನ್ನು ಆನ್‌ಲೈನ್‌ನಲ್ಲಿ ಸಿಗುವ ಬೂಸ್ಟರ್ ತಂದು ಹಾಕುವವರಿದ್ದಾರೆ. ಅನುಮತಿ ಇಲ್ಲದೆ ಅದನ್ನು ಬಳಸೋದು ಅಪರಾಧ, ಜೊತೆಗೆ ಅದರ ಗದ್ದಲದಿಂದ ಅಕ್ಕಪಕ್ಕದವರಿಗೆ ಸಿಗುತ್ತಿದ್ದ ಅಷ್ಟಿಷ್ಟು ಸಿಗ್ನಲ್ಲೂ ಕೆಡುತ್ತದೆ. ಒಬ್ಬೊಬ್ಬರೇ ಹುಡುಕಿಕೊಳ್ಳುವ ಪರಿಹಾರದ ಮಿತಿ ಇದು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ದ್ವೀಪವಾದ ತುಮರಿ ಸೀಮೆಗೆ ಸೇತುವೆ ಸಿಕ್ಕಿದ್ದು 2025ರ ಜುಲೈ 14ಕ್ಕೆ. ರಾಜ್ಯಕ್ಕೆ ಕರೆಂಟ್ ಕೊಟ್ಟ ಜನ ಒಂದು ಸೇತುವೆಗೆ ಅರವತ್ತೊಂದು ವರ್ಷ ಲಾಂಚ್‌ಗೆ ಕಾದರು. ಆಗಲೂ ಹೇಳಿದ್ದು ಇದನ್ನೇ: ಜನ ಕಡಿಮೆ, ಖರ್ಚು ಜಾಸ್ತಿ, ಭೂಗೋಳ ಕಷ್ಟ. ಕೊನೆಗೆ ಭೂಗೋಳವೇನೂ ಬದಲಾಗಲಿಲ್ಲ, ಸೇತುವೆ ಬಂತು. ಮುಂದಿನ ಸಲ ವೋಟು ಕೇಳಲು ಬಂದವರನ್ನು ಜಗಲಿಯಲ್ಲಿ ಕೂರಿಸಿ, ಅಲ್ಲಿಂದಲೇ ಒಂದು ಫೋನ್ ಮಾಡಿ ತೋರಿಸಲು ಹೇಳಿ.