ಪರದೆ ಇಲ್ಲದ ಸರ್ವರ್‌ಗೂ ಕನ್ನಡ ಅಕ್ಷರ ಬೇಕು

ಮೊಬೈಲಿನಲ್ಲಿ ಅರ್ಜಿ ತುಂಬುತ್ತೀರಿ, ಪಿಡಿಎಫ್ ಇಳಿಯುತ್ತದೆ. ತೆರೆದರೆ ನಿಮ್ಮ ಹೆಸರಿರಬೇಕಾದ ಜಾಗದಲ್ಲಿ ಖಾಲಿ ಚೌಕಗಳ ಸಾಲು. ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ತಪ್ಪು ಇರುವುದು ದೂರದ ಸರ್ವರ್‌ನಲ್ಲಿ.

ಸರ್ವರ್ ಅಂದರೆ ಕಂಪ್ಯೂಟರೇ, ಆದರೆ ಸಾಮಾನ್ಯವಾಗಿ ಅದಕ್ಕೆ ಮಾನಿಟರ್ ಇರುವುದಿಲ್ಲ. ಬ್ರೌಸರ್‌ನಂಥ ತಂತ್ರಾಂಶಕ್ಕೋ ಪುಟ ಬಿಡಿಸಲು ಪರದೆ ಬೇಕು. ಸಿಗದಿದ್ದರೆ ಶುರುವಾಗದೆ ನಿಂತುಬಿಡುತ್ತದೆ. ಇದಕ್ಕೆ ಲಿನಕ್ಸ್‌ನವರ ಹಳೆಯ ಉಪಾಯ ಎಕ್ಸ್‌ವಿಎಫ್‌ಬಿ. ಅದು ಮೆಮೊರಿಯಲ್ಲೇ ಒಂದು ಸುಳ್ಳು ಪರದೆ ಕಟ್ಟಿಕೊಡುತ್ತದೆ. 1280 ಅಗಲ, 1024 ಎತ್ತರದ ಪರದೆಗೆ ಸುಮಾರು 5 ಎಂಬಿ ಜಾಗ, ಫೋನ್ ಕ್ಯಾಮೆರಾದ ಒಂದು ಫೋಟೊದಷ್ಟು. ಪುಟ ತೆರೆಯುತ್ತದೆ, ಬಟನ್ ಒತ್ತಿದ್ದೂ ಆಗುತ್ತದೆ, ನೋಡುವವರು ಮಾತ್ರ ಯಾರೂ ಇಲ್ಲ. 2017ರಿಂದ ಕ್ರೋಮ್‌ಗೆ ಈ ಸುಳ್ಳು ಪರದೆಯೂ ಬೇಡ. 'ಹೆಡ್‌ಲೆಸ್' ಎಂದು ಹೇಳಿ ಓಡಿಸಿದರೆ ನೇರ ಪಿಡಿಎಫ್ ಮಾಡಿಕೊಡುತ್ತದೆ.

ಉಪಾಯ ಒಳ್ಳೆಯದೇ. ನನ್ನ ತಕರಾರು ಬೇರೆ. ಪರದೆಯೇ ಇಲ್ಲವಲ್ಲ ಎಂದು ಸರ್ವರ್‌ಗೆ ಕನ್ನಡ ಫಾಂಟ್ ಹಾಕದೇ ಬಿಟ್ಟಿರುತ್ತಾರೆ. ಇಂಗ್ಲಿಷ್ ಹೇಗೋ ಮೂಡುತ್ತದೆ, ಕನ್ನಡಕ್ಕೆ ಚೌಕ. ತಂತ್ರಾಂಶ ದೂರುವುದೂ ಇಲ್ಲ, ಕೆಲಸ ಮುಗಿಯಿತು ಎಂದೇ ಹೇಳುತ್ತದೆ. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಎರಡೂ ಪುಕ್ಕಟೆ ಸಿಗುತ್ತವೆ. ದುಡ್ಡಿಲ್ಲ ಎಂಬ ನೆಪ ಇಲ್ಲಿ ನಡೆಯದು. ಕನ್ನಡದಲ್ಲಿ ಕಾಗದ ಕೊಡುವ ಯಾವುದೇ ಸೇವೆಯವರು, ಜನರಿಗೆ ಬಿಡುವ ಮೊದಲು, ಕೃಷ್ಣಪ್ಪ, ಲಕ್ಷ್ಮವ್ವನಂಥ ಒತ್ತಕ್ಷರದ ನಾಲ್ಕು ಹೆಸರು ಹಾಕಿ ಪಿಡಿಎಫ್ ತೆಗೆದು, ಕನ್ನಡ ಬಲ್ಲ ಒಬ್ಬರಿಗೆ ಓದಲು ಕೊಡಲಿ. ಚೌಕ ಬಂದ ಕಾಗದ ಹಿಡಿದು ತಾಲೂಕಿಗೆ ಹೋದವರಿಗೆ ಆ ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜೂ.